ಗೋಲ್ಡ್ ಕಾರ್ಡಿಗೆ ಕೆಂಪು ದೀಪ

ಜನವರಿ 2

ಶಿಫ್ಟ್ ಮುಗಿಸಿ ಬಂದು ಕೂತಿದ್ದೇನೆ. ಕಾಲು ಬಾತುಕೊಂಡಿದೆ. ಹೊಸ ನಿಯಮ ಬಂದು ಇವತ್ತಿಗೆ ಎರಡು ದಿನ. ಗೋಲ್ಡ್ ಕಾರ್ಡಿನವರು ಕೂರುವ ಲೌಂಜ್ ಬಾಗಿಲಿನಿಂದ ನಲವತ್ತೊಂದು ಜನರನ್ನು ವಾಪಸ್ ಕಳಿಸಿದೆವು. ಎಣಿಸಿದ್ದು ನಾನಲ್ಲ, ಮೀಸೆ ಮಾವ. ಬಾಗಿಲಿನ ಗಾರ್ಡ್. ವಿಮಾನ ನಿಲ್ದಾಣದಲ್ಲಿ ಎಲ್ಲರಿಗೂ ಅವರು ಮೀಸೆ ಮಾವನೇ. ಒಳಗೆ ಹೋದವರ ಲೆಕ್ಕ ಇಡುವುದು ಅವರ ಕೆಲಸ. ಈಗ ಒಳಗೆ ಹೋಗದವರ ಲೆಕ್ಕ ಇಡುತ್ತಿದ್ದಾರೆ, ತಮಾಷೆಗೆ.

ನಿಯಮ ಇಷ್ಟೇ. ಮೊದಲು ವರ್ಷಕ್ಕೆ ಎಷ್ಟು ಸಲ ಹಾರಿದಿರಿ ಎಂದು ನೋಡುತ್ತಿದ್ದರು. ಈಗ ಎಷ್ಟು ಖರ್ಚು ಮಾಡಿದಿರಿ ಎಂದು ನೋಡುತ್ತಾರೆ. ಅಗ್ಗದ ಟಿಕೆಟ್ಟಿನಲ್ಲಿ ವಾರಕ್ಕೆರಡು ಸಲ ಹಾರುತ್ತಿದ್ದವರೆಲ್ಲ ಒಂದೇ ಏಟಿಗೆ ಗೋಲ್ಡ್‌ನಿಂದ ಔಟ್. ಸೋಫಾ ಇಲ್ಲ, ಬಿಟ್ಟಿ ಕಾಫಿ ಇಲ್ಲ, ಮೊದಲು ಹತ್ತುವ ಸಾಲೂ ಇಲ್ಲ. ವಿಮಾನ ಕಂಪನಿ ಒಂದು ಮೇಲ್ ಕಳಿಸಿ ಕೈ ತೊಳೆದುಕೊಂಡಿತು. ಮೇಲ್ ಯಾರು ಓದುತ್ತಾರೆ? ಕಾರ್ಡ್ ಇನ್ನೂ ಜೇಬಿನಲ್ಲಿ ಥಳಥಳ ಹೊಳೆಯುತ್ತಿದೆ. ತಂದು ಮೆಷಿನ್ನಿಗೆ ಒತ್ತುತ್ತಾರೆ. ಮೆಷಿನ್ನಿನ ದೀಪ ನಮ್ಮ ಕಡೆಗಿದೆ, ಅವರಿಗೆ ಕಾಣುವುದಿಲ್ಲ. ಕೆಂಪು.

ಆಗ ನಾವು ಹೇಳಬೇಕಾದ ಮಾತು ಒಂದೇ: "ಸಾರಿ ಸರ್, ಸಿಸ್ಟಂ ತಗೋತಾ ಇಲ್ಲ." ನಾನು ಬಿಡುವುದಿಲ್ಲ ಅನ್ನುವಂತಿಲ್ಲ. ಕಂಪನಿ ಬಿಡುವುದಿಲ್ಲ ಅನ್ನುವಂತೆಯೂ ಇಲ್ಲ. ಇದಕ್ಕೆ ಎರಡು ದಿನ ಟ್ರೇನಿಂಗ್ ಕೊಟ್ಟರು. ನಗುನಗುತ್ತಾ ಸುಳ್ಳು ಹೇಳುವುದಕ್ಕೆ ಟ್ರೇನಿಂಗ್!

ಒಬ್ಬ ಪಾಸ್‌ಪೋರ್ಟನ್ನು ಮುಖಕ್ಕೆ ಎಸೆದ. ಅಂಚು ತುಟಿಗೆ ತಾಗಿ ಚೂರು ರಕ್ತ ಬಂತು. ಅದಕ್ಕೂ "ಸಾರಿ ಸರ್" ಅಂದೆ.

ಜನವರಿ 6

ಕಾಫಿ. ಬಿಸಿ ಕಾಫಿ.

ಅರವತ್ತು ದಾಟಿದ ಹೆಂಗಸು. ಒಳ್ಳೆಯ ಬಟ್ಟೆ, ಮೆಲು ದನಿ. ಕೆಂಪು ಬಂತು. ಜಗಳವಾಡಲಿಲ್ಲ, ಹೊರಟು ಹೋದಳು. ಪರವಾಗಿಲ್ಲ, ಮರ್ಯಾದಸ್ಥೆ ಅಂದುಕೊಂಡೆ. ಹತ್ತು ನಿಮಿಷಕ್ಕೆ ಹೊರಗಿನ ಸ್ಟಾಲಿನಿಂದ ಲೋಟ ಹಿಡಿದುಕೊಂಡು ಬಂದಳು. "ಇಲ್ಲಿ ಇನ್ಮೇಲೆ ಕಾಫಿ ಇಲ್ಲ ಅಲ್ವಾ? ತಗೋಮ್ಮಾ, ನಾನೇ ಕೊಡ್ತೀನಿ." ನಿಧಾನವಾಗಿ ಮುಚ್ಚಳ ತೆಗೆದಳು. ನಿಧಾನವಾಗಿಯೇ ನನ್ನ ಎದೆಯ ಮೇಲೆ ಸುರಿದಳು.

ಮೀಸೆ ಮಾವ ಕುಡಿಯುವ ನೀರಿನ ಬಾಟಲಿಗಳನ್ನು ಒಂದಾದ ಮೇಲೊಂದು ನನ್ನ ಮೇಲೆ ಬಗ್ಗಿಸಿದರು. ಕತ್ತಿನಿಂದ ಕೆಳಗೆ ಬೊಬ್ಬೆ ಎದ್ದಿದೆ. ಸ್ಟೋರ್ ರೂಮಿಗೆ ಹೋಗಿ ಕಸದ ಡಬ್ಬಕ್ಕೆ ಒದ್ದೆ. ಅದು ಸೊಟ್ಟಗಾಗುವವರೆಗೆ ಒದ್ದೆ. ಆ ಹೆಂಗಸಿನ ಬೆಳ್ಳಿ ಕೂದಲು ಹಿಡಿದು ಅವಳ ಮುಖವನ್ನು ಕೌಂಟರಿಗೆ ಜಜ್ಜುವುದನ್ನೇ ನೆನೆಯುತ್ತಾ ಒದ್ದೆ. ಸುಖವಾಯಿತು. ಬರೆಯಲು ನಾಚಿಕೆಯಿಲ್ಲ, ಇದನ್ನು ಓದುವವರು ಯಾರೂ ಇಲ್ಲ.

ಮ್ಯಾನೇಜರ್ ರಿಜಿಸ್ಟರ್ ತಂದಿಟ್ಟರು. "ಕಾಫಿ ಚೆಲ್ಲಿತು ಅಂತ ಬರೀರಿ ಸಾಕು. ಯಾರು ಏನು ಅಂತ ವಿವರ ಬೇಡ. ಆಮೇಲೆ ಕೋರ್ಟು ಕಚೇರಿ ಯಾರು ಅಲೀತಾರೆ?"

ಬರೆದೆ. ಹದಿನಾಲ್ಕು ವರ್ಷದ ಸರ್ವಿಸ್ಸು, ಅಕ್ಷರ ಮುತ್ತಿನ ಹಾಗೆ.

ಜನವರಿ 9

ಇವತ್ತು ತಮ್ಮ ಬಂದ. ಹಲ್ಲಿನ ಡಾಕ್ಟರುಗಳಿಗೆ ಕುರ್ಚಿ ಮಾರುವವನು, ವಾರಕ್ಕೆರಡು ಸಲ ವಿಮಾನ. ಅವನ ಕಂಪನಿ ಜಿಪುಣ ಕಂಪನಿ, ಎಲ್ಲಕ್ಕಿಂತ ಅಗ್ಗದ ಟಿಕೆಟ್ಟೇ ಕೊಡುತ್ತದೆ. ಅಂದರೆ ಗೋಲ್ಡ್ ಹೋಗಿದೆ. ಗೋಲ್ಡ್ ಹೋದವರ ಲಿಸ್ಟ್ ಬಂದ ದಿನವೇ ಅವನ ನಂಬರ್ ನೋಡಿದ್ದೆ. ಹೇಳಲಿಲ್ಲ.

ಹೇಗೆ ಹೇಳಲಿ? ಆ ಕಾರ್ಡ್ ಬಂದ ದಿನ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟಿದ್ದ. ಹಳೆಯ ಕಾರ್ಡುಗಳೆಲ್ಲ ಈಗಲೂ ಅಮ್ಮನ ಬೀರುವಿನಲ್ಲಿವೆ. ಶಾಲೆಯಲ್ಲಿ ಮೂರು ಸಲ ಫೇಲಾದವನು. ಎಲ್ಲಿಯೂ ಯಾರೂ "ಬನ್ನಿ ಸರ್" ಅನ್ನದವನಿಗೆ ಇಲ್ಲಿ "ಬನ್ನಿ ಸರ್" ಅನ್ನುತ್ತಿದ್ದರು.

ಕಾರ್ಡ್ ಒತ್ತಿದ. ಕೆಂಪು. ಕೌಂಟರ್ ಕೆಳಗೆ ಒಂದು ಬಟನ್ ಇದೆ, ಕಂಪನಿಯ ಅತಿಥಿಗಳಿಗೆಂದು ಇಟ್ಟದ್ದು. ಒತ್ತಿದರೆ ಹಸಿರಾಗುತ್ತದೆ. ಒತ್ತಿದೆ.

"ಏನೇ ಅಕ್ಕಾ, ಹೊರಗಡೆ ಜನ ಬಾಯ್ ಬಡ್ಕೋತಿದ್ದಾರೆ? ಎಲ್ಲರದ್ದೂ ಕಿತ್ಕೊಂಡ್ರಂತೆ?"

"ಕೆಲವರದ್ದು."

"ನಂದು ಮುಟ್ಟೋಕೆ ಧೈರ್ಯ ಬರಬೇಕಲ್ಲ." ನಗುತ್ತಾ ಒಳಗೆ ಹೋದ.

ಮೀಸೆ ಮಾವ ಕೆಂಪು ನೋಡಿದರು. ಹಸಿರೂ ನೋಡಿದರು. ಆಮೇಲೆ ಛಾವಣಿ ನೋಡುತ್ತಾ ಮೀಸೆ ತಿರುವಿದರು. ದೊಡ್ಡ ಮನುಷ್ಯ.

ಜನವರಿ 24

ಗೋಲ್ಡ್ ಹೋದ ಪ್ರಯಾಣಿಕನೊಬ್ಬ ಸೂಟ್‌ಕೇಸ್ ಎತ್ತಿ ಗಾಜಿನ ಬಾಗಿಲಿಗೆ ಬೀಸಿದ. ಬಾಗಿಲು ಚೂರು ಚೂರು. ಇನ್ನೊಂದು ಸಲ ಬೀಸಿದ್ದಕ್ಕೆ ಮೇಲಿನ ಕ್ಯಾಮೆರಾ ಕಳಚಿ ಬಿತ್ತು. ಮೀಸೆ ಮಾವ ಹಿಂದಿನಿಂದ ಅಪ್ಪಿ ಹಿಡಿದುಕೊಂಡರು. ಮೊಣಕೈಯಿಂದ ಅವರ ಪಕ್ಕೆಗೆ ನಾಲ್ಕು ಗುದ್ದಿದ ಆ ಪುಣ್ಯಾತ್ಮ. ಪೊಲೀಸರು ಬಂದು ಎಳೆದುಕೊಂಡು ಹೋಗುವಾಗ ಅಳುತ್ತಿದ್ದ. "ಹನ್ನೆರಡು ವರ್ಷ ರೀ! ಹನ್ನೆರಡು ವರ್ಷ ನಿಮ್ಮ ಸೀಟಲ್ಲೇ ನಿದ್ದೆ ಮಾಡಿದ್ದೀನಿ!"

ಪಾಪ ಅನ್ನಿಸಲಿಲ್ಲ. ಈಚೆಗೆ ಯಾರನ್ನು ನೋಡಿದರೂ ಪಾಪ ಅನ್ನಿಸುತ್ತಿಲ್ಲ.

ಹೊಸ ಗಾಜು ಎರಡೇ ದಿನದಲ್ಲಿ ಬರುತ್ತದಂತೆ. ಕ್ಯಾಮೆರಾಕ್ಕೆ ಅರ್ಜಿ ಹಾಕಿದ್ದಾರಂತೆ.

ಫೆಬ್ರವರಿ 11

ರಜೆ. ತಮ್ಮ, ತಮ್ಮನ ಹೆಂಡತಿ ಊಟಕ್ಕೆ ಬಂದಿದ್ದರು. ಅಮ್ಮನಿಗೆ ಸಂಭ್ರಮವೋ ಸಂಭ್ರಮ. ಊಟದುದ್ದಕ್ಕೂ ಅವನದೇ ಮಾತು. ಆಫೀಸಿನಲ್ಲಿ ಏಳು ಜನರ ಗೋಲ್ಡ್ ಹೋಯಿತಂತೆ, ಉಳಿದದ್ದು ಇವನೊಬ್ಬನದೇ ಅಂತೆ. ದೊಡ್ಡ ಗಿರಾಕಿ ಒಬ್ಬರು ಬಲೆಗೆ ಬೀಳುತ್ತಿದ್ದಾರಂತೆ. ಅರವತ್ತು ಕುರ್ಚಿಯ ಆರ್ಡರ್.

ಅವನ ಹೆಂಡತಿ ನೀರಿನ ಲೋಟ ತಪ್ಪಿ ಉರುಳಿಸಿದಳು. ಅವನು ಮಾತು ನಿಲ್ಲಿಸದೆಯೇ ಮೇಜಿನ ಕೆಳಗೆ ಅವಳ ಕಾಲು ತುಳಿದ. ಅವಳ ಮುಖ ನೋಡಿದೆ. ಅಮ್ಮನೂ ನೋಡಿದಳು. "ಇನ್ನೊಂಚೂರು ಅನ್ನ ಹಾಕ್ಲೇನೋ?" ಎಂದಳು ಅಮ್ಮ.

ಮೂಗಿನ ತುದಿಯಲ್ಲೇ ಸಿಟ್ಟು ಅವನಿಗೆ, ಮೊದಲಿನಿಂದಲೂ. ಹತ್ತು ವರ್ಷದವನಿದ್ದಾಗ ಕಂಪಾಸಿನ ಮೊನೆಯನ್ನು ನನ್ನ ತೊಡೆಗೆ ಚುಚ್ಚಿ ತಿರುವಿದ್ದ. ಲೆಕ್ಕ ತಪ್ಪು ಎಂದು ತೋರಿಸಿದ್ದಕ್ಕೆ. ಅಮ್ಮ ನನಗೇ ಬೈದಳು: "ಅವನಿಗೆ ಸಿಟ್ಟು ಬರೋ ಹಾಗೆ ಯಾಕೆ ಮಾಡ್ತೀಯ?" ಅಂದಿನಿಂದ ಮಾಡಿಲ್ಲ. ನಲವತ್ತಮೂರು ವರ್ಷದ ಹೆಂಗಸು ಕೌಂಟರ್ ಕೆಳಗೆ ಕೈ ಹಾಕಿ ಬಟನ್ ಒತ್ತುವುದು ಪ್ರೀತಿಯಿಂದ ಎಂದು ಇಲ್ಲಿ ಬರೆಯಬಹುದು. ಅರ್ಧ ಸುಳ್ಳು. ಹೆದರಿಕೆ.

ಮಾರ್ಚ್ 4

ಮ್ಯಾನೇಜರ್ ಮೀಟಿಂಗ್ ಕರೆದರು. ಅತಿಥಿ ಬಟನ್ ತುಂಬಾ ಒತ್ತಲಾಗಿದೆ ಎಂದು ಮೇಲಿನವರು ಕೇಳಿದ್ದಾರಂತೆ. ನಾಡಿದ್ದು ಬೆಳಿಗ್ಗೆ ಅದನ್ನು ಕಿತ್ತು ಹಾಕುತ್ತಾರೆ. ಯಾರು ಒತ್ತಿದರು ಎಂದು ಯಾರೂ ನನ್ನ ಮುಖ ನೋಡಲಿಲ್ಲ. ನಾನೂ ಕಿವಿಗೆ ಹಾಕಿಕೊಳ್ಳದವಳ ಹಾಗೆ ಕೂತಿದ್ದೆ.

ತಮ್ಮನಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಮೀಟಿಂಗಲ್ಲಿದ್ದೀನಿ ಅಕ್ಕಾ, ಆಮೇಲೆ" ಎಂದು ಇಟ್ಟ. ಅವನ ಮುಂದಿನ ಪ್ರಯಾಣ ಮುಂದಿನ ವಾರ. ಭಾನುವಾರ ಮನೆಗೆ ಕರೆದು, ಹೊಟ್ಟೆ ತುಂಬಾ ಬಡಿಸಿ, ಆಮೇಲೆ ಹೇಳುತ್ತೇನೆ.

ಮಾರ್ಚ್ 6

ಬರೆಯಲಾಗುತ್ತಿಲ್ಲ. ಉಗುರಿನ ಸಂದಿಯಲ್ಲಿ ರಕ್ತ, ನನ್ನದಲ್ಲ. ಮೂರು ಸಲ ತೊಳೆದೆ…

ಮಾರ್ಚ್ 7

ಬರೆಯಲೇಬೇಕು. ಇಲ್ಲದಿದ್ದರೆ ನಾಳೆ ನನ್ನ ಸುಳ್ಳನ್ನು ನಾನೇ ನಂಬಿಬಿಡುತ್ತೇನೆ.

ನಿನ್ನೆ ಮಧ್ಯಾಹ್ನ ಎರಡು ಗಂಟೆ. ಲೌಂಜ್ ಖಾಲಿ ಖಾಲಿ. ಬಾಗಿಲಲ್ಲಿ ಮೀಸೆ ಮಾವ, ಕೌಂಟರಿನಲ್ಲಿ ನಾನು. ತಮ್ಮ ಬಂದ, ಹೇಳದೆ ಕೇಳದೆ. ಪಕ್ಕದಲ್ಲಿ ಆ ದೊಡ್ಡ ಗಿರಾಕಿ, ಹಲ್ಲಿನ ಆಸ್ಪತ್ರೆಗಳ ಮಾಲೀಕರು. "ಬನ್ನಿ ಸರ್, ಇದು ನಮ್ಮನೆ ಇದ್ದ ಹಾಗೆ. ಇವ್ರು ನಮ್ಮಕ್ಕ."

ಕಾರ್ಡ್ ಒತ್ತಿದ. ಕೆಂಪು. ನನ್ನ ಕೈ ತಾನಾಗಿಯೇ ಕೌಂಟರ್ ಕೆಳಗೆ ಹೋಯಿತು. ಬಟನ್ ಇದ್ದ ಕಡೆ ತೂತು. ಬೆಳಿಗ್ಗೆಯಷ್ಟೇ ಕಿತ್ತಿದ್ದರು.

"ಸಿಸ್ಟಂ ತಗೋತಾ ಇಲ್ಲ…" ಅಂದೆ. ತಮ್ಮನಿಗೆ! ಅದೇ ನಗು, ಅದೇ ದನಿ.

ಅವನು ನಕ್ಕ. ಮೆಷಿನ್ ಕೆಟ್ಟಿದೆ ಎಂದುಕೊಂಡ. ಗಿರಾಕಿಯ ಬೆನ್ನ ಮೇಲೆ ಕೈಯಿಟ್ಟು ಒಳಗೆ ನಡೆದ. ಮೀಸೆ ಮಾವ ಕೈ ಅಡ್ಡ ಇಟ್ಟರು. ಅವರ ಕೆಲಸ ಅದು.

"ಸರ್, ದಯವಿಟ್ಟು. ಕೆಂಪು ಬಂದಿದೆ."

"ಯಾರಿಗ್ ಹೇಳ್ತಿದ್ದೀಯ? ವಾರಕ್ಕೆರಡು ಸಲ ಬರ್ತೀನಿ, ಕಣ್ ಕಾಣಲ್ವಾ?"

"ಗೊತ್ತು ಸರ್. ಎರಡು ತಿಂಗಳಿಂದ ನಿಮ್ಮದು ಕೆಂಪೇ. ಮೇಡಂ ದೊಡ್ಡ ಮನಸ್ಸು ಮಾಡಿ ಬಿಡ್ತಿದ್ರು. ಇವತ್ತು ಅವ್ರ ಕೈಯಲ್ಲೂ ಇಲ್ಲ. ಅವ್ರ ಮೇಲೆ ಬೇಜಾರ್ ಮಾಡ್ಕೋಬೇಡಿ."

ನನ್ನನ್ನು ಉಳಿಸುವುದಕ್ಕೆ ಹೇಳಿದರು. ಎಷ್ಟು ಮೆತ್ತಗೆ ಹೇಳಿದರು. ಗಿರಾಕಿ ತಮ್ಮನ ಮುಖ ನೋಡಿ "ಓಹೋ" ಎಂದರು. ಅಷ್ಟೇ. ತುಟಿಯ ಕೊನೆಯಲ್ಲಿ ಒಂದು ನಗು.

ತಮ್ಮ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿದೆ. ಅದೇ ಉತ್ತರವಾಯಿತು.

ಜನರ ಸಾಲಿಗೆ ಅಡ್ಡಪಟ್ಟಿ ಕಟ್ಟುವ ಸ್ಟೀಲ್ ಕಂಬ ಪಕ್ಕದಲ್ಲಿತ್ತು. ಬುಡದಲ್ಲಿ ಕಬ್ಬಿಣದ ದಪ್ಪ ಬಿಲ್ಲೆ. ತಲೆಕೆಳಗಾಗಿ ಎತ್ತಿದ. ಮೊದಲ ಏಟು ಹೆಗಲಿಗೆ. ಮೀಸೆ ಮಾವ "ಸರ್" ಎಂದರು, ಇನ್ನೂ ಸರ್ ಎಂದೇ. ಎರಡನೆಯದು ಮುಖಕ್ಕೆ. ಹಸಿ ಕೊಂಬೆ ಮುರಿದ ಸದ್ದು. ಗೋಡೆಗೆ ಒರಗಿ ಜಾರಿದರು, ಗೋಡೆಯ ಮೇಲೆ ಉದ್ದಕ್ಕೆ ಕೆಂಪು. ಬಿದ್ದವರ ಮೇಲೆ ಮೂರನೆಯದು. ಬಿಲ್ಲೆಯ ಅಂಚು ಎಡಗಣ್ಣಿನಲ್ಲಿ ಇಳಿಯಿತು. ನಾನು ನೋಡಿದೆ. ಕಣ್ಣು ಮುಚ್ಚಿಕೊಳ್ಳಲಿಲ್ಲ.

ಗಿರಾಕಿ ಫೋನ್ ಕಿವಿಗಿಟ್ಟುಕೊಂಡು, ಯಾರೊಂದಿಗೋ ಮಾತಾಡುವವರ ಹಾಗೆ ಆಚೆ ನಡೆದರು.

ತಮ್ಮ ಕಂಬವನ್ನು ಇದ್ದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿದ. ನನ್ನ ಕೌಂಟರಿನ ಟಿಶ್ಯೂ ಎಳೆದು ಕೈ ಒರೆಸಿಕೊಂಡ. ನಾನು ಕಿರುಚಬೇಕಿತ್ತು. ಏನಂದೆ? "ಹೋಗು. ಬೋರ್ಡಿಂಗ್ ಶುರುವಾಗಿದೆ. ಹೋಗು ಬೇಗ."

ಆಮೇಲೆ ಮೀಸೆ ಮಾವನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮ್ಯಾನೇಜರ್ ಓಡಿ ಬಂದರು. "ಏನಾಯ್ತು?" ನನ್ನ ಬಾಯಿ ನೀರು ಕುಡಿದಷ್ಟು ಸಲೀಸಾಗಿ ಹೇಳಿತು: "ಕಂಬ ಎತ್ತಿಡೋಕೆ ಹೋದ್ರು. ಕಾಲು ಜಾರಿತು. ಮುಖದ ಮೇಲೆ ಬಿತ್ತು."

ರಿಜಿಸ್ಟರಿನಲ್ಲೂ ಅದನ್ನೇ ಬರೆದೆ. ಸಹಿ ಹಾಕಿದೆ. ಬಾಗಿಲ ಮೇಲೆ ಕ್ಯಾಮೆರಾದ ಖಾಲಿ ಸ್ಕ್ರೂಗಳು.

ಮಾರ್ಚ್ 10

ಆಸ್ಪತ್ರೆಗೆ ಹೋಗಿದ್ದೆ. ಎಡಗಣ್ಣು ತೆಗೆದಿದ್ದಾರೆ. ದವಡೆಗೆ ತಂತಿ. ಮೀಸೆ ಬೋಳಿಸಿದ್ದಾರೆ, ಹೊಲಿಗೆ ಹಾಕಲು. ಒಂದು ಕ್ಷಣ ಗುರುತೇ ಸಿಗಲಿಲ್ಲ, ಬೇರೆ ಹಾಸಿಗೆಯ ಹತ್ತಿರ ಹೋಗಿ ನಿಂತಿದ್ದೆ. ಅವರ ಹೆಂಡತಿ ಕುರ್ಚಿ ಬಿಟ್ಟುಕೊಟ್ಟರು. "ನಮ್ಮನೆಯವ್ರು ಯಾವಾಗ್ಲೂ ಹೇಳೋರು, ಮೇಡಂ ಮೇಡಂ ಅಂತ."

ಅವರು ಹಲ್ಲಿನ ಸಂದಿಯಿಂದ ಮಾತಾಡಿದರು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಎಂದು ಕಾದೆ.

"ನನ್ ಬಾಯಿ ಮೇಡಂ… ದೊಡ್ಡೋರ ಮುಂದೆ ಹಾಗೆ ಅನ್ಬಾರ್ದಿತ್ತು. ನಿಮ್ಗೆ ತೊಂದ್ರೆ ಆಯ್ತಾ?"

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಎರಡೂ ಕೈಯಿಂದ. ಯಾರೋ ನರ್ಸ್ ಬಂದು ಕೈ ಹಿಡಿದಳು.

ಮಾರ್ಚ್ 13

ಮೀಸೆ ಮಾವ ಪೊಲೀಸರಿಗೆ ಹೇಳಿದ್ದು ಇಷ್ಟೇ: "ಒಬ್ಬ ಪ್ರಯಾಣಿಕರು ಹೊಡೆದ್ರು. ಮೇಡಂ ಎದುರಿಗೇ ಇದ್ರು, ಅವ್ರನ್ನೇ ಕೇಳಿ." ನನ್ನ ತಮ್ಮ ಎಂದು ಹೇಳಿಲ್ಲ. ಅದನ್ನು ನನಗೆ ಬಿಟ್ಟಿದ್ದಾರೆ. ಗಿರಾಕಿಯನ್ನು ಕೇಳಿದರಂತೆ. ಅವರು ಫೋನಿನಲ್ಲಿದ್ದರಂತೆ, ಏನೂ ಕಾಣಲಿಲ್ಲವಂತೆ.

ಗಾರ್ಡ್‌ಗಳ ಏಜೆನ್ಸಿಯವರು ನನ್ನ ರಿಜಿಸ್ಟರಿನ ಪುಟದ ಕಾಪಿ ಹಿಡಿದುಕೊಂಡಿದ್ದಾರೆ. ಸ್ವಂತ ಅಜಾಗರೂಕತೆ, ಮೇಲಾಗಿ ಪ್ರಯಾಣಿಕರ ಮೇಲೆ ಸುಳ್ಳು ಆರೋಪ. ಕೆಲಸದಿಂದ ತೆಗೆದಿದ್ದಾರೆ. ಆಸ್ಪತ್ರೆ ಖರ್ಚೂ ಕೊಡುವುದಿಲ್ಲ. ಆ ಮನುಷ್ಯನಿಗೆ ತಮ್ಮ ಹೊಡೆದದ್ದು ಮೂರು ಏಟು. ನಾಲ್ಕನೆಯ ಏಟು ನನ್ನದು.

ಅಮ್ಮನಿಗೆ ಎಲ್ಲ ಹೇಳಿದೆ, ಪೊಲೀಸರ ಹತ್ತಿರ ನಿಜ ಹೇಳುತ್ತೇನೆ ಎಂದೂ ಹೇಳಿದೆ. ಅಮ್ಮ ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು.

"ಹೇಳಿದ್ರೆ ಆ ಕಣ್ಣು ವಾಪಸ್ ಬರುತ್ತೇನೇ?"

"ಇಲ್ಲ."

"ಮತ್ತೆ? ಒಡಹುಟ್ಟಿದೋನು ಕಣೇ. ನೀನು ಅವನಿಗೆ ಮೊದಲೇ ಹೇಳಿದ್ರೆ ಹೀಗೆಲ್ಲಾ ಆಗ್ತಿತ್ತಾ? ಸಿಟ್ಟು ಬರೋ ಹಾಗೆ ಮಾಡಿದ್ದು ನೀನು."

ಇದರಲ್ಲಿ ನಿಜ ಇದೆ. ಅದಕ್ಕೇ ಮೈ ಉರಿದುಹೋಯಿತು.

ಮಾರ್ಚ್ 14

ತಮ್ಮನಿಗೆ ಫೋನ್ ಮಾಡಿ ಹೇಳಿದೆ, ಠಾಣೆಗೆ ಹೋಗುತ್ತೇನೆ ಎಂದು. ಕದ್ದು ಮಾಡುವುದು ಬೇಡ. ಎರಡು ತಿಂಗಳು ಕದ್ದು ಮಾಡಿದ್ದಕ್ಕೇ ಇಷ್ಟಾಯಿತು. ಬಹಳ ಮೆತ್ತಗೆ ಅಂದ: "ನಾಳೆ ಬೆಳಿಗ್ಗೆ ಬರ್ತೀನಿ ಅಕ್ಕಾ. ಕೂತು ಮಾತಾಡೋಣ."

ಮಾರ್ಚ್ 22

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು.

ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ಪಕ್ಕೆಲುಬು ಒಂದು. ಕೂತು ಮಾತಾಡಿದ್ದು ಐದು ನಿಮಿಷ. ಆಮೇಲೆ ನನ್ನ ಕೈಯನ್ನು ಮೇಜಿನ ಅಂಚಿಗೆ ಅದುಮಿ, ಮೇಲೆ ಮೊಣಕಾಲು ಊರಿ ಒತ್ತಿದ. "ಯಾವ ಕೈಯಲ್ಲಿ ಸಹಿ ಹಾಕ್ತೀಯ ನೋಡೋಣ." ನಾನೂ ಬಿಡಲಿಲ್ಲ. ಎಡಗೈಗೆ ಫ್ಲಾಸ್ಕ್ ಸಿಕ್ಕಿತು, ಅವನ ಕಿವಿಗೆ ಬಿಟ್ಟೆ. ರಕ್ತ ಬಂತು. ಅದನ್ನು ನೋಡಿ ನನಗೆ ನಗು ಬಂತು, ದೇವರಾಣೆಗೂ. ಆಮೇಲೆ ನೆಲ, ಅವನ ಬೂಟು.

ಅಮ್ಮ ಅಡುಗೆಮನೆಯಲ್ಲಿದ್ದಳು. ನಲ್ಲಿ ಜೋರಾಗಿ ಬಿಟ್ಟಿದ್ದಳು. ಒದ್ದಾಡುವಾಗಲೂ ನೀರಿನ ಸದ್ದು ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದಕ್ಕೆ ಅಮ್ಮನೇ ಮುಂದೆ ಬಂದು ಹೇಳಿದಳು: "ಬಚ್ಚಲಲ್ಲಿ ಕಾಲು ಜಾರಿತು." ಒಂದು ಚೂರೂ ತಡವರಿಸಲಿಲ್ಲ. ಅವಳಿಗೆ ಟ್ರೇನಿಂಗ್ ಬೇಕಾಗಿರಲಿಲ್ಲ.

ಆರು ದಿನ ಅಲ್ಲಿದ್ದೆ. ಅಮ್ಮ ದಿನವೂ ಊಟ ತಂದು ಬಾಯಿಗಿಟ್ಟಳು. ತಿಂದೆ. ಅವಳನ್ನು ದ್ವೇಷಿಸಲು ಆಗುತ್ತಿಲ್ಲ, ಅದೇ ಸಂಕಟ.

ಮಾರ್ಚ್ 24, ಬೆಳಿಗ್ಗೆ 9.40

ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಬರಲು ಹೇಳಿದ್ದಾರೆ. ನಿನ್ನೆ ಫೋನಿನಲ್ಲಿ ಎಚ್ಚರಿಸಿದರು: "ಮೊದಲು ಸುಳ್ಳು ಬರೆದಿದ್ದಕ್ಕೆ ನಿಮ್ಮ ಮೇಲೂ ಕೇಸ್ ಆಗಬಹುದು ಮೇಡಂ. ಯೋಚನೆ ಮಾಡಿ." ಕೆಲಸವಂತೂ ಹೋದಂತೆಯೇ. ಬಟನ್ ವಿಷಯ ಹೇಳದೆ ಈ ಕಥೆ ಹೇಳಲಾಗುವುದಿಲ್ಲ. ಹೋಗಲಿ. ಇನ್ನು ಯಾರಿಗೂ ಸಾರಿ ಸರ್ ಅನ್ನುವ ಹಂಗಿಲ್ಲ.

ನನ್ನ ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ಹೆದರಿದರೆ ತಾನಾಗಿ ಸುಳ್ಳು ಹೇಳುತ್ತದೆ. ಅದಕ್ಕೆ ಇಲ್ಲಿ ಒಮ್ಮೆ ಬರೆದು ಅಭ್ಯಾಸ ಮಾಡುತ್ತೇನೆ. ಹತ್ತೂಕಾಲಿಗೆ ಟ್ಯಾಕ್ಸಿ.

9.55

ತಮ್ಮನ ಹೆಂಡತಿ ಫೋನ್ ಮಾಡಿದಳು. ಪಿಸುಮಾತು. "ಅಕ್ಕಾ, ನೀವು ಇವತ್ತು ಹೋಗ್ತಿರೋದು ಅವ್ರಿಗೆ ಗೊತ್ತಾಗಿದೆ. ಅತ್ತೆ ಹೇಳಿದ್ರಂತೆ. ಹೊರಟು ಆಗ್ಲೇ ಹೊತ್ತಾಯ್ತು. ಕಾರಿನ ಡಿಕ್ಕಿಯಿಂದ ರಾಡ್ ತೆಗೆದು ಪಕ್ಕದ ಸೀಟಲ್ಲಿ ಇಟ್ಕೊಂಡ್ರು. ಮನೇಲಿರಬೇಡಿ ಅಕ್ಕಾ, ಈಗ್ಲೇ ಹೊರಡಿ…" ಅಷ್ಟರಲ್ಲಿ ಕೆಳಗೆ ಕಾರು ನಿಂತ ಸದ್ದು.

ಕೋಣೆಗೆ ಬೋಲ್ಟ್ ಹಾಕಿದ್ದೇನೆ. ಪೊಲೀಸರಿಗೆ ಫೋನ್ ಮಾಡಿದೆ. ಹತ್ತು ನಿಮಿಷ ಎಂದರು. ಹತ್ತು ನಿಮಿಷ!

ಬೆಲ್. ಇನ್ನೊಂದು ಸಲ. ಅಮ್ಮ ಎದ್ದಳು. "ತೆಗೀಬೇಡಮ್ಮಾ!" ಎಂದು ಕೂಗಿದೆ. ನನ್ನ ಬಾಗಿಲಿನ ಹತ್ತಿರ ಬಂದು ನಿಂತಳು. ಉಸಿರು ಕೇಳಿಸಿತು.

"ಅಮ್ಮಾ, ನನ್ನ ಕೊಲ್ತಾನೆ."

"ಹಾಗೆಲ್ಲಾ ಅನ್ಬೇಡ. ನನ್ನ ಮಗ ಅವನು. ನಾನು ಹೇಳಿದ್ರೆ ಕೇಳ್ತಾನೆ." ಆಮೇಲೆ, ಅಳುತ್ತಾ: "ಬಾಗಿಲಲ್ಲಿ ಎಷ್ಟೊತ್ತು ನಿಲ್ಲಿಸಲೇ ಅವನನ್ನ?"

ಹೆಜ್ಜೆಗಳು ದೂರ ಹೋದವು. ಚಿಲಕ ಸರಿಯಿತು.

ಬರೆದುಬಿಡುತ್ತೇನೆ. ಕಂಬದಿಂದ ಹೊಡೆದವನು ನನ್ನ ತಮ್ಮ. ಮೂರು ಏಟು, ಮೂರನೆಯದು ಬಿದ್ದವರ ಮೇಲೆ. ಮೀಸೆ ಮಾವ ಕೈ ಎತ್ತಲೇ ಇಲ್ಲ. ಕಾಲು ಜಾರಿತು ಎಂದದ್ದು ಸುಳ್ಳು. ಬರೆದವಳು ನಾನು. ಕೆಂಪು ಬಂದರೂ ಬಿಟ್ಟವಳು ನಾನು. ಎಲ್ಲ ನೋಡಿ ಹೋಗು ಎಂದವಳೂ

ಬೋಲ್ಟ್ ಅಲುಗುತ್ತಿದೆ ಅಮ್ಮ ಅವನನ್ನು ಬೇಡಿಕೊಳ್ಳುತ್ತಿದ್ದಾಳೆ ಮೂರು ಏಟು ನಾನು ನೋಡಿದೆ ನಾನು ನೋ